ಬರಿದಾದ ದಿಮ್ಮಿ ಬಿರಿಯದು

ಕನ್ನಡದ ಆಡುಮಾತಿನಲ್ಲಿ ಟೊಳ್ಳಿಗೆ ಮರ್ಯಾದೆ ಇಲ್ಲ. ಸತ್ವವಿಲ್ಲದ ಮಾತು ಟೊಳ್ಳು, ಭರವಸೆ ಇಡಲಾಗದ ಮನುಷ್ಯ ಟೊಳ್ಳು. ಬಾಳಿಕೆ ಬರುವುದೆಲ್ಲ ಗಟ್ಟಿ. ಕೈಲಾಸಂ ಈ ಜೋಡಿಯನ್ನೇ ನಾಟಕವೊಂದರ ಹೆಸರಾಗಿಸಿದರು. ಮನುಷ್ಯರನ್ನು ತೂಗಲು ಈ ತಕ್ಕಡಿ ಸಾಕಾದೀತು. ಮರದ ದಿಮ್ಮಿಯನ್ನು ತೂಗಹೊರಟರೆ ಮಾತ್ರ ಅದರ ಮುಳ್ಳು ಇನ್ನೊಂದು ಕಡೆಗೇ ವಾಲುತ್ತದೆ. ಈಗಷ್ಟೇ ಉರುಳಿದ ದೊಡ್ಡ ಮರದಿಂದ ಎರಡಡಿ ಅಡ್ಡಗಲದ ತುಂಡೊಂದನ್ನು ಕೊಯ್ದು ಹಾಗೆಯೇ ಇಟ್ಟರೆ, ಕೆಲವೇ ತಿಂಗಳಲ್ಲಿ ಅದು ನಡುವಿನ ತಿರುಳಿನಿಂದ ತೊಗಟೆಯವರೆಗೆ ಬಾಯಿಬಿಡುತ್ತದೆ. ಅದೇ ತುಂಡನ್ನು ಹಸಿಯಾಗಿರುವಾಗಲೇ ಲೇತಿಗೆ ಕಟ್ಟಿ ತಿರುಗಿಸಿ, ಹೊಟ್ಟೆಯನ್ನೆಲ್ಲ ಬಗೆದು, ಬೆರಳಗಲದ ಗೋಡೆಯುಳ್ಳ ಗಡಿಗೆಯಾಗಿ ಮಾಡಿ ನಿಧಾನವಾಗಿ ಒಣಗಿಸಿದರೆ ತಲೆಮಾರುಗಳ ಕಾಲ ಉಳಿಯುತ್ತದೆ. ದೊಡ್ಡ ದಿಮ್ಮಿಯನ್ನು ಅದರ ದುಂಡುತನದೊಂದಿಗೆ ಉಳಿಸಿಕೊಳ್ಳಬೇಕಾದರೆ ಅದನ್ನು ಟೊಳ್ಳು ಮಾಡಲೇಬೇಕು ಎಂಬುದು ಈ ಲೇಖನದ ವಾದ. ಹಸಿ ದಿಮ್ಮಿಯನ್ನು ಪಾತ್ರೆಯಾಗಿ ಕಡೆಯುವ ಕಸುಬನ್ನು ಉಳ್ಳವರ ಮನೆಯ ಅಲಂಕಾರದ ಚಪಲವೆಂದು ತಳ್ಳಿಹಾಕುವವರು ಮರದ ಈ ಸ್ವಭಾವವನ್ನು ಗಮನಿಸಿರುವುದಿಲ್ಲ. ಗಮನಿಸದೆ ಹೋದದ್ದರಿಂದಲೇ ನಮ್ಮ ಊರುಗಳ ಬೀದಿಬದಿಯ ಹೆಮ್ಮರಗಳು ಬಿದ್ದ ದಿನವೇ ತುಂಡಾಗಿ ಸೌದೆಯ ಲಾರಿ ಹತ್ತುತ್ತವೆ.

ದಿಮ್ಮಿ ಏಕೆ ಬಿರಿಯುತ್ತದೆ

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಜೀವಕೋಶಗಳ ಪೊಳ್ಳಿನಲ್ಲಿ ತುಂಬಿಕೊಂಡ ನೀರು ಒಂದು, ಕೋಶದ ಗೋಡೆಯೊಳಗೇ ಬೆರೆತಿರುವ ನೀರು ಇನ್ನೊಂದು. ಕಡಿದ ಮೇಲೆ ಮೊದಲು ಹೋಗುವುದು ಪೊಳ್ಳಿನ ನೀರು. ಅದು ಹೋದಾಗ ದಿಮ್ಮಿ ಹಗುರವಾಗುತ್ತದೆ, ಆಕಾರ ಬದಲಾಗುವುದಿಲ್ಲ. ಒಣ ಮರದ ತೂಕಕ್ಕೆ ಹೋಲಿಸಿದರೆ ನೀರಿನ ಪ್ರಮಾಣ ಸುಮಾರು ಶೇ 30ಕ್ಕೆ ಇಳಿದ ಮೇಲೆ ಗೋಡೆಯೊಳಗಿನ ನೀರು ಹೊರಡತೊಡಗುತ್ತದೆ. ಮರ ಕುಗ್ಗುವುದು ಆಗ. ಈ ಕುಗ್ಗುವಿಕೆ ಎಲ್ಲ ದಿಕ್ಕಿಗೂ ಒಂದೇ ಸಮವಾಗಿದ್ದಿದ್ದರೆ ದೊಡ್ಡ ದಿಮ್ಮಿ ಚಿಕ್ಕ ದಿಮ್ಮಿಯಾಗುತ್ತಿತ್ತು, ಅಷ್ಟೇ. ಆದರೆ ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ; ನಡುವಿನಿಂದ ತೊಗಟೆಯ ದಿಕ್ಕಿಗೆ ಒಂದಿಷ್ಟು ಕುಗ್ಗುತ್ತದೆ; ಉಂಗುರಗಳ ಸುತ್ತಿನ ದಿಕ್ಕಿಗೆ ಹೆಚ್ಚಿನ ಜಾತಿಗಳಲ್ಲಿ ಅದರ ಸುಮಾರು ಎರಡರಷ್ಟು ಕುಗ್ಗುತ್ತದೆ. ಅಮೆರಿಕದಲ್ಲಿ ಮರ ಕಡೆಯುವವರು ಬಳಸುವ ಟ್ಯೂಲಿಪ್ ಮರ ಪೂರ್ತಿ ಒಣಗುವಾಗ ಅಡ್ಡಗಲದಲ್ಲಿ ಶೇ 4.6ರಷ್ಟು, ಸುತ್ತಳತೆಯಲ್ಲಿ ಶೇ 8.2ರಷ್ಟು ಕುಗ್ಗುತ್ತದೆ. 60 ಸೆಂ.ಮೀ. ಅಡ್ಡಗಲದ ಟ್ಯೂಲಿಪ್ ದಿಮ್ಮಿಯ ಸುತ್ತಳತೆ ಸುಮಾರು 188 ಸೆಂ.ಮೀ. ಅಡ್ಡಗಲ ಕುಗ್ಗಿದ ಲೆಕ್ಕದಲ್ಲಿ ಸುತ್ತಳತೆ 180 ಸೆಂ.ಮೀ.ಗೆ ಬಂದು ನಿಲ್ಲಬೇಕು. ಉಂಗುರವಾದರೋ 173 ಸೆಂ.ಮೀ.ವರೆಗೆ ಬಿಗಿಯಲು ಹವಣಿಸುತ್ತದೆ. ಒಳಗಿನ ಗಟ್ಟಿ ಚೇಗು ಅದಕ್ಕೆ ಆಸ್ಪದ ಕೊಡುವುದಿಲ್ಲ. ಚಿಕ್ಕ ಅಂಗಿಯೊಳಗೆ ದೊಡ್ಡ ಮೈ ತುರುಕಿದಂತೆ ಈ 7 ಸೆಂ.ಮೀ. ಕೊರತೆಗೆ ಎಲ್ಲಾದರೂ ಒಂದು ಕಡೆ ಹರಿಯಲೇಬೇಕು. ದಿಮ್ಮಿಯ ತುದಿಯಲ್ಲಿ ಕಾಣುವ ಸೀಳು ಮರದ ದೋಷವಲ್ಲ, ಒಣಗಿಸಿದವನ ದೋಷವೂ ಅಲ್ಲ. ಆ ಅಳತೆಗಳಿಗೆ ಬೇರೆ ಉತ್ತರವೇ ಇಲ್ಲ.

ಇದೇ ಲೆಕ್ಕವನ್ನು ಒಳಗು ತೆಗೆದ ದಿಮ್ಮಿಗೆ ಹಾಕಿ ನೋಡಬೇಕು. ಹೊರಗಿನ ಅಳತೆ ಅಷ್ಟೇ ಇರಲಿ, ಗೋಡೆ ಮಾತ್ರ 2 ಸೆಂ.ಮೀ. ದಪ್ಪವಿರಲಿ. ಈಗ ಉಂಗುರ ಬಿಗಿಯಹೊರಟರೆ ತಡೆಯಲು ಒಳಗೆ ಚೇಗಿಲ್ಲ. ಗೋಡೆಯ ಹೊರಮೈಯೂ ಒಳಮೈಯೂ ಜೊತೆಜೊತೆಗೇ ಒಳಕ್ಕೆ ಸರಿಯುತ್ತವೆ. ಇಡೀ ಬಳೆ ಒಂದಿಷ್ಟು ಕಿರಿದಾಗುತ್ತದೆ. ಗೋಡೆಯ ದಪ್ಪ ಕುಗ್ಗುವುದಕ್ಕೂ ಸುತ್ತಳತೆ ಕುಗ್ಗುವುದಕ್ಕೂ ನಡುವೆ ಉಳಿಯುವ ಹೊಂದಾಣಿಕೆಯ ಕೊರತೆ ಸುತ್ತಳತೆಯ ಲೆಕ್ಕದಲ್ಲಿ ಅರ್ಧ ಸೆಂ.ಮೀ.ಗೂ ಕಡಿಮೆ. ಏಳು ಎಲ್ಲಿ, ಅರ್ಧ ಎಲ್ಲಿ! ನಿಧಾನವಾಗಿ ಒಣಗಿದರೆ ಹಸಿ ಮರದ ನಾರುಗಳು ಇಷ್ಟು ಎಳೆತವನ್ನು ಬಾಗಿ ನುಂಗಿಕೊಳ್ಳುತ್ತವೆ. ಪಾತ್ರೆ ಸ್ವಲ್ಪ ಸೊಟ್ಟಗಾದೀತು, ಬಾಯಿ ಮೊಟ್ಟೆಯಾಕಾರಕ್ಕೆ ತಿರುಗೀತು. ಸೀಳುವ ಪ್ರಮೇಯ ಬಹಳ ಕಡಿಮೆ. ಬದುಕಿರುವ ಮರಕ್ಕೂ ಈ ಗುಟ್ಟು ಗೊತ್ತು. ದೇವನಹಳ್ಳಿ ಸೀಮೆಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಂಥ ಹಳೆಯ ತೋಪುಗಳಲ್ಲಿ ಒಡಲೆಲ್ಲ ಪೊಟರೆಯಾದ ಮರಗಳೂ ವರ್ಷವರ್ಷ ಚಿಗುರುತ್ತವೆ. ಮರದ ಜೀವವಿರುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ, ಅದರ ಬಲವಿರುವುದು ಹೊರವಲಯದಲ್ಲಿ. ಕಾಂಡದ ಅಡ್ಡಗಲದ ನೂರರಲ್ಲಿ ಎಪ್ಪತ್ತು ಪಾಲು ಟೊಳ್ಳಾಗಿ ಅರ್ಧದಷ್ಟು ಮರವೇ ಇಲ್ಲವಾದರೂ, ಬಾಗದೆ ನಿಲ್ಲುವ ಅದರ ಶಕ್ತಿ ಮುಕ್ಕಾಲು ಪಾಲು ಉಳಿದಿರುತ್ತದೆ ಎನ್ನುತ್ತದೆ ಗಣಿತ. ಬಿದಿರು ನಿಂತಿರುವುದೂ ಇದೇ ನಿಯಮದ ಮೇಲೆ.

ಕಡೆಯುವುದು ಎಂಬ ಮಾತು

ಈ ತಿಳಿವು ಹೊಸದಲ್ಲ. ಮಲೆನಾಡಿನ ಮನೆಗಳಲ್ಲಿ ಉಪ್ಪು ತುಂಬಿಡುತ್ತಿದ್ದ ಮರಿಗೆ, ಭತ್ತ ಕುಟ್ಟುತ್ತಿದ್ದ ಮರದ ಒರಳು, ಹೊಳೆ ದಾಟಿಸುತ್ತಿದ್ದ ಒಂದೇ ಮರದ ದೋಣಿ, ಇವೆಲ್ಲ ದಿಮ್ಮಿಯ ಹೊಟ್ಟೆ ತೋಡಿ ಮಾಡಿದವೇ. ಮೃದಂಗದ ಒಡಲೂ ವೀಣೆಯ ಕೊಡವೂ ಹಲಸಿನ ಮರವನ್ನು ಬಗೆದು ಟೊಳ್ಳು ಮಾಡಿದಂಥವು. ಅಲ್ಲಿ ಟೊಳ್ಳು ನಾದಕ್ಕಾಗಿ ಎನ್ನುವುದು ನಿಜ. ಹಗ್ಗ, ತೊಗಲುಗಳ ಬಿಗಿತವನ್ನು ಹೊತ್ತುಕೊಂಡೂ ಮೃದಂಗದ ಮರ ದಶಕಗಳ ಕಾಲ ಸೀಳದೆ ಉಳಿಯುವುದಕ್ಕೆ ಆ ಟೊಳ್ಳೇ ಕಾರಣ ಎನ್ನುವುದೂ ಅಷ್ಟೇ ನಿಜ. ಕನ್ನಡ ಈ ಕಸುಬಿಗೆ ಕೊಟ್ಟ ಕ್ರಿಯಾಪದವೂ ಅರ್ಥಪೂರ್ಣ. ಮಜ್ಜಿಗೆ ಕಡೆಯುತ್ತೇವೆ, ವಿಗ್ರಹ ಕಡೆಯುತ್ತೇವೆ, ಲೇತಿನ ಮೇಲೆ ಮರವನ್ನೂ ಕಡೆಯುತ್ತೇವೆ. ಲೇತಿಗೆ ಕಡಸಲು ಎಂಬ ಹೆಸರೇ ಇದೆ. ಈ ಹೋಲಿಕೆ ಬರಿಯ ಅಲಂಕಾರವಲ್ಲ. ವಿದ್ಯುತ್ತು ಬರುವ ಮುನ್ನ ಕಡಸಲನ್ನು ತಿರುಗಿಸುತ್ತಿದ್ದುದು ಕಡೆಗೋಲನ್ನು ತಿರುಗಿಸುವ ಹಾಗೆಯೇ: ಸುತ್ತಿದ ಹಗ್ಗದ ಎರಡು ತುದಿಗಳನ್ನು ಒಬ್ಬ ಒಂದಾದ ಮೇಲೊಂದರಂತೆ ಎಳೆಯುತ್ತಿದ್ದ, ಮರ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುಗುತ್ತಿತ್ತು, ಎದುರಿಗೆ ಕೂತವನು ಉಳಿ ಹಿಡಿಯುತ್ತಿದ್ದ. ಈಜಿಪ್ಟಿನಲ್ಲಿ ಕ್ರಿ.ಪೂ. 300ರ ಸುಮಾರಿಗೆ ಕಟ್ಟಿದ ಪೆಟೊಸಿರಿಸ್ ಎಂಬ ಅರ್ಚಕನ ಸಮಾಧಿಯ ಗೋಡೆಯ ಮೇಲೆ ಇಂಥದೇ ಚಿತ್ರವಿದೆ. ಲೇತಿನ ಚಿತ್ರಗಳಲ್ಲಿ ಅತಿ ಹಳೆಯದೆಂದು ಎಣಿಸಲಾದ ಅದರಲ್ಲೂ ಒಬ್ಬ ಹಗ್ಗ ಎಳೆಯುತ್ತಾನೆ, ಇನ್ನೊಬ್ಬ ಕಡೆಯುತ್ತಾನೆ. ಕಡೆದರೆ ಬೆಣ್ಣೆ ಮೇಲೆ ಬರುತ್ತದೆ ಎಂಬ ನಂಬಿಕೆ ಎರಡೂ ಕೆಲಸಗಳಿಗೆ ಸಮಾನ.

ಆದರೆ ಹಗ್ಗದ ಕಡಸಲಿಗೆ ಒಂದು ಮಿತಿಯಿತ್ತು. ತೋಳಿನ ಬಲದಿಂದ ತಿರುಗಿಸಬಹುದಾದ ಮರ ಚಿಕ್ಕದು. ಕಡೆಗೋಲು, ತೊಟ್ಟಿಲ ಕಾಲು, ಬುಗುರಿ, ಕುಂಕುಮದ ಭರಣಿ, ಹೆಚ್ಚೆಂದರೆ ಮಂಚದ ಕಾಲು. ಎರಡಡಿಯ ದಿಮ್ಮಿಯನ್ನು ತಿರುಗಿಸುವುದು ಮೋಟಾರು ಬಂದ ಮೇಲೆ ಸುಲಭವಾದ ಕೆಲಸ. ಅದರೊಳಗನ್ನು ಕಿರಿದಾದ ಬಾಯಿಯ ಮೂಲಕ ಬಗೆಯುವುದು ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದು ನಿಂತ ವಿದ್ಯೆ. ಅಟ್ಲಾಂಟಾದಲ್ಲಿ ವಾಸ್ತುಶಿಲ್ಪಿಯಾಗಿದ್ದ ಎಡ್ ಮೌಲ್ತ್ರಾಪ್ (1916–2003) ಕಟ್ಟಡದ ನಕ್ಷೆಗಳನ್ನು ಬಿಟ್ಟು ಪೂರ್ಣಾವಧಿ ಮರ ಕಡೆಯಲು ಕೂತರು. ತಮಗೆ ಬೇಕಾದಷ್ಟು ದೊಡ್ಡ ಲೇತು ಅಂಗಡಿಯಲ್ಲಿ ಸಿಗದಿದ್ದಾಗ ತಾವೇ ಕಟ್ಟಿಕೊಂಡರು, ಉದ್ದನೆಯ ಹಿಡಿಯ ಉಳಿಗಳನ್ನು ತಾವೇ ಕಾಯಿಸಿ ಬಡಿದುಕೊಂಡರು. ಮೆಲ್ವಿನ್ ಲಿಂಡ್‌ಕ್ವಿಸ್ಟ್ (1911–2000) ಮತ್ತು ಮಗ ಮಾರ್ಕ್, ಮರದ ವ್ಯಾಪಾರಿಗಳು ಬೇಡವೆಂದು ಎಸೆಯುತ್ತಿದ್ದ ಗಂಟುಗಳನ್ನೂ ಶಿಲೀಂಧ್ರ ಹಿಡಿದು ಕಪ್ಪು ಗೆರೆಗಳೆದ್ದ ಮರವನ್ನೂ ಹುಡುಕಿಕೊಂಡು ಹೋದರು. ಡೇವಿಡ್ ಎಲ್ಸ್‌ವರ್ತ್ 1970ರ ದಶಕದಲ್ಲಿ ಕೊಕ್ಕೆಯಂತೆ ಬಾಗಿದ ಉಳಿಗಳನ್ನು ಮಾಡಿಕೊಂಡು, ತೀರಾ ಚಿಕ್ಕ ಬಾಯಿಯ, ಕೆಲವೇ ಮಿಲಿಮೀಟರ್ ಗೋಡೆಯ ಪಾತ್ರೆಗಳನ್ನು ಕಡೆದರು. 1986ರಲ್ಲಿ ಅಮೆರಿಕದ ಕಡಸಲುಗಾರರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರೂ ಅವರೇ. ಇವರ ವಿದ್ಯೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಒಬ್ಬ ಕುಶಲಕರ್ಮಿ ಮರದೊಳಗಿನ ನೀರಿನೊಂದಿಗೆ ನಡೆಸುವ ಮಾತುಕತೆ ಎಂಥದೆಂದು ತಿಳಿಯುತ್ತದೆ.

ಕಣ್ಣಿಗೆ ಕಾಣದ ಕೆಲಸ

ದಿಮ್ಮಿಯನ್ನು ಆರಿಸುವಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಕಡಿದ ದಿನವೇ ಎರಡು ತುದಿಗಳಿಗೂ ಮೇಣ ಬಳಿಯಬೇಕು, ಏಕೆಂದರೆ ಮರದ ನೀರು ಬದಿಗಿಂತ ತುದಿಯಿಂದಲೇ ಬಹುಬೇಗ ಹೊರಹೋಗುತ್ತದೆ. ಕಡೆಯುವ ದಿನ ಯಂತ್ರದ ಗರಗಸದಿಂದ ಮೂಲೆಗಳನ್ನು ಕೊಯ್ದು, ಒಂದು ತುದಿಗೆ ಉಕ್ಕಿನ ತಟ್ಟೆಯನ್ನು ದಪ್ಪ ಸ್ಕ್ರೂಗಳಿಂದ ಬಿಗಿದು ಲೇತಿಗೆ ಕಟ್ಟಿ, ಇನ್ನೊಂದು ತುದಿಗೆ ಮೊನೆಯ ಆಸರೆ ಕೊಡುತ್ತಾರೆ. ಎರಡಡಿ ಅಗಲ, ಎರಡಡಿ ಎತ್ತರದ ಹಸಿ ದಿಮ್ಮಿ ನೂರು ಕಿಲೊ ಮೀರುತ್ತದೆ. ಅದರ ಭಾರ ಸುತ್ತಲೂ ಸಮವಾಗಿ ಹಂಚಿರುವುದೂ ಇಲ್ಲ. ಒಂದು ಮಗ್ಗುಲಲ್ಲಿ ಗಂಟು, ಇನ್ನೊಂದರಲ್ಲಿ ಪೊಳ್ಳು. ಆದ್ದರಿಂದ ಮೊದಲ ಸುತ್ತುಗಳು ತೀರಾ ನಿಧಾನ. ನಿಮಿಷಕ್ಕೆ 300 ಸುತ್ತು ತಿರುಗಿದರೂ ಇಂಥ ದಿಮ್ಮಿಯ ಅಂಚು ಗಂಟೆಗೆ ಸುಮಾರು 34 ಕಿ.ಮೀ. ವೇಗದಲ್ಲಿ ಓಡುತ್ತದೆ, 1000 ಸುತ್ತಾದರೆ 113 ಕಿ.ಮೀ. ಹೆದ್ದಾರಿಯ ಕಾರಿನ ಆ ವೇಗದಲ್ಲಿ ನೂರು ಕಿಲೊ ಮರ ಕಳಚಿ ಹಾರಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಮುಖಕ್ಕೆ ಪೂರ್ತಿ ಕವಚ, ದೂಳು ತಡೆಯುವ ಮುಸುಕು ಇಲ್ಲದೆ ಯಾರೂ ಇದಕ್ಕೆ ಕೈಹಾಕಬಾರದು. ಹೊರಮೈ ದುಂಡಗಾದಂತೆ ನಡುಕ ಇಳಿಯುತ್ತದೆ. ಹಸಿ ಮರ ಮೆತ್ತಗಿರುವುದರಿಂದ ಉಳಿಯ ಬಾಯಿಂದ ಉದ್ದುದ್ದ ಸಿಪ್ಪೆ ಹೊರಡುತ್ತದೆ, ತಿರುಗುವ ರಭಸಕ್ಕೆ ಮರದ ನೀರು ಎದುರಿದ್ದವನ ಅಂಗಿಯ ಮೇಲೆ ಗೆರೆಯಾಗಿ ಸಿಡಿಯುತ್ತದೆ. ಒಣ ಮರದಲ್ಲಿ ಈ ಸಲೀಸು ಇಲ್ಲ. ಅಲ್ಲಿ ಉಳಿ ಬೇಗ ಮೊಂಡಾಗುತ್ತದೆ, ದೂಳು ಏಳುತ್ತದೆ, ಶ್ರಮ ಇಮ್ಮಡಿಯಾಗುತ್ತದೆ.

ಒಳಗನ್ನು ಬಗೆಯುವುದು ಇನ್ನೊಂದೇ ಲೋಕ. ಅಗಲ ಬಾಯಿಯ ಬೋಗುಣಿಯಾದರೆ ಉಳಿಯ ಮೊನೆ ಕಣ್ಣೆದುರೇ ಇರುತ್ತದೆ. ಮೂರು ಬೆರಳು ಮಾತ್ರ ತೂರುವ ಬಾಯಿಯ ಗಡಿಗೆಯಲ್ಲಿ ಕೆಲಸ ಮಾಡುವ ಮೊನೆ ಕಾಣುವುದೇ ಇಲ್ಲ. ಮೊದಲು ನಡುವೆ ನೇರವಾಗಿ ಒಂದು ತೂತು ಕೊರೆದು ಆಳವನ್ನು ನಿಶ್ಚಯಿಸಿಕೊಳ್ಳುತ್ತಾರೆ. ನೇರ ಉಳಿಯಿಂದ ನಡುವಿನ ಮರ, ಬಾಗಿದ ಉಳಿಯಿಂದ ಭುಜದ ಕೆಳಗಿನ ಮರ ತೆಗೆಯುತ್ತ ಹೋಗುತ್ತಾರೆ. ಉಳಿಯನ್ನು ಒರಗಿಸಿದ ಕಂಬಿಯಿಂದ ಅದರ ಮೊನೆ ಒಳಗೆ ದೂರ ಹೋದಷ್ಟೂ ಸನ್ನೆಗೋಲಿನ ನಿಯಮ ಎದುರು ನಿಲ್ಲುತ್ತದೆ. ಒಳಗೆ ಮೊನೆಗೆ ತಾಗಿದ ಸಣ್ಣ ತಡೆ ಹೊರಗೆ ಹಿಡಿಯನ್ನು ಕೈಯಿಂದ ಕಿತ್ತುಕೊಳ್ಳುವಷ್ಟು ಬಲವಾಗುತ್ತದೆ. ಅದಕ್ಕೇ ಹಿಡಿ ಮೊಳಗಟ್ಟಲೆ ಉದ್ದ. ಬಗೆದ ಸಿಪ್ಪೆ ಒಳಗೇ ಗಿಡಿದುಕೊಳ್ಳುವುದರಿಂದ ನಿಮಿಷಕ್ಕೊಮ್ಮೆ ಲೇತು ನಿಲ್ಲಿಸಿ ಗೋರಿ ತೆಗೆಯಬೇಕು. ಗೋಡೆ ಎಷ್ಟು ತೆಳುವಾಯಿತೆಂದು ಕ್ಯಾಲಿಪರ್ಸ್ ಹೇಳುತ್ತದೆ. ಕ್ಯಾಲಿಪರ್ಸ್ ತಲುಪದ ಕಡೆ ಕಿವಿಯೇ ಅಳತೆ. ಗೋಡೆ ತೆಳುವಾದಂತೆ ಉಳಿಯ ಸದ್ದಿನ ಶ್ರುತಿ ಬದಲಾಗುತ್ತದೆ, ಹಾಗೆ ಬದಲಾಗುವ ಸದ್ದು ಕೇಳಿ ಕೈ ತಡೆಯುವುದು ವರ್ಷಗಳ ಅಭ್ಯಾಸದ ಫಲ. ಎಂಟು ಗಂಟೆ ದುಡಿದ ಪಾತ್ರೆ ಒಂದು ಕ್ಷಣದ ಎಚ್ಚರಗೇಡಿಗೆ ತೂತಾಗಬಹುದು.

ಪಾತ್ರೆ ಸಿದ್ಧವಾದ ಮೇಲೆ ನೀರಿನ ಪ್ರಶ್ನೆ ಮತ್ತೆ ಏಳುತ್ತದೆ. ಅದಕ್ಕೆ ಮೂರು ದಾರಿಗಳಿವೆ. ಒಂದೇ ಬಾರಿಗೆ ತೆಳುವಾಗಿ ಕಡೆದು, ಮರ ತನಗೆ ಬೇಕಾದಂತೆ ಸೊಟ್ಟಗಾಗಲೆಂದು ಬಿಡುವುದು ಮೊದಲನೆಯದು. ಅಡ್ಡಗಲದ ಹತ್ತನೇ ಒಂದು ಪಾಲು ದಪ್ಪದ ಗೋಡೆಯನ್ನು ಉಳಿಸಿ ಒರಟಾಗಿ ಕಡೆದು, ತಿಂಗಳುಗಟ್ಟಲೆ ಕಾಗದದ ಚೀಲದಲ್ಲೋ ಅದರದೇ ಸಿಪ್ಪೆಯಲ್ಲೋ ಹುಗಿದಿಟ್ಟು ನಿಧಾನವಾಗಿ ಒಣಗಿಸಿ, ಸೊಟ್ಟಗಾದದ್ದನ್ನು ಎರಡನೇ ಬಾರಿ ಕಡೆದು ದುಂಡಗೆ ಮಾಡುವುದು ಎರಡನೆಯದು. ಮೌಲ್ತ್ರಾಪ್ ಹಿಡಿದದ್ದು ಮೂರನೆಯದು. ಒರಟಾಗಿ ಕಡೆದ ಪಾತ್ರೆಯನ್ನು ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ಮೇಣದಂತಿರುವ ಆದರೆ ನೀರಿನಲ್ಲಿ ಕರಗುವ ರಾಸಾಯನಿಕದ ದ್ರಾವಣದಲ್ಲಿ ಮುಳುಗಿಸಿಟ್ಟರು. ಅದು ಕೋಶದ ಗೋಡೆಯೊಳಗೆ ನೀರಿನ ಜಾಗವನ್ನು ಹಿಡಿದುಕೊಂಡು ಕೂರುತ್ತದೆ, ಗೋಡೆ ಕುಗ್ಗುವುದೇ ನಿಲ್ಲುತ್ತದೆ. ಸ್ವೀಡನ್ನಿನಲ್ಲಿ 1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಿದ ವಾಸಾ ಎಂಬ ಯುದ್ಧನೌಕೆ ಒಣಗಿ ಚೂರಾಗದಂತೆ ಕಾಪಾಡಿದ್ದೂ ಇದೇ ರಾಸಾಯನಿಕ. 1962ರಿಂದ 17 ವರ್ಷ ಅದನ್ನು ಹಡಗಿನ ಮೇಲೆ ಸಿಂಪಡಿಸಿದರು. ಅರಗಳಿಗೆಯ ಕೆಲಸದಂತೆ ಕಾಣುವ ಕಡಸಲು ವಿದ್ಯೆಯ ಬಹುಪಾಲು ಕಾಯುವುದರಲ್ಲೇ ಇದೆ.

ಎಂಟರಲ್ಲಿ ಏಳು ಪಾಲು

ಈಗ ಆಕ್ಷೇಪಗಳತ್ತ ತಿರುಗೋಣ. ಮೊದಲನೆಯದೂ ದೊಡ್ಡದೂ ಆದ ಆಕ್ಷೇಪ, ಇದು ದುಂದು ಎನ್ನುವುದು. ಅದನ್ನು ಅಂಕಿಯಿಂದಲೇ ಒಪ್ಪಿಕೊಳ್ಳಬೇಕು. 60 ಸೆಂ.ಮೀ. ಅಗಲ, ಅಷ್ಟೇ ಎತ್ತರದ ದಿಮ್ಮಿಯಿಂದ ಅದರಲ್ಲಿ ಹಿಡಿಸುವಷ್ಟು ದೊಡ್ಡ ಗುಂಡು ಗಡಿಗೆಯನ್ನು 2 ಸೆಂ.ಮೀ. ಗೋಡೆಯಿಟ್ಟು ಕಡೆದರೆ ಉಳಿಯುವುದು ಎಂಟರಲ್ಲಿ ಒಂದು ಪಾಲು ಮರ. ಏಳು ಪಾಲು ನೆಲದ ಮೇಲೆ ಸಿಪ್ಪೆಯಾಗಿ ಬಿದ್ದಿರುತ್ತದೆ. ಅದೇ ದಿಮ್ಮಿಯನ್ನು ಹಲಗೆ ಸೀಳಿದರೆ ಅರ್ಧಕ್ಕಿಂತ ಹೆಚ್ಚು ಉಳಿಯುವುದಿಲ್ಲವೇ? ಉಳಿಯುತ್ತದೆ, ದಿಮ್ಮಿ ನೇರವಾಗಿದ್ದರೆ, ಉದ್ದವಾಗಿದ್ದರೆ, ಗಂಟಿಲ್ಲದಿದ್ದರೆ. ಅಂಥ ತೇಗವನ್ನೋ ಹೊನ್ನೆಯನ್ನೋ ಗಡಿಗೆಗೆಂದು ಲೇತಿಗೆ ಕಟ್ಟುವುದು ಖಂಡಿತ ತಪ್ಪು, ಅದು ಬಾಗಿಲಾಗಬೇಕು, ತೊಲೆಯಾಗಬೇಕು. ನನ್ನ ವಾದವಿರುವುದು ಬೇರೆ ಮರದ ಬಗ್ಗೆ: ಊರೊಳಗೆ ಬೆಳೆದು ಮೂರಡಿಗೊಂದು ಕೊಂಬೆ ಒಡೆದದ್ದು, ಮೊಳೆ ಹೊಡೆಸಿಕೊಂಡದ್ದು, ಬುಡ ಡೊಂಕಾದದ್ದು, ಒಂದು ಮಗ್ಗುಲು ಕೊಳೆತದ್ದು. ಸಾಮಿಲ್ಲು ಇದನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಗರಗಸದ ಹಲ್ಲು ಹೋಗುತ್ತದೆ. ಇಂಥ ದಿಮ್ಮಿಯ ಮುಂದಿರುವ ಆಯ್ಕೆ ಹಲಗೆಯೋ ಗಡಿಗೆಯೋ ಎಂಬುದಲ್ಲ, ಗಡಿಗೆಯೋ ಒಲೆಯೋ ಎಂಬುದು. ಒಲೆಯಲ್ಲಿ ಎಂಟಕ್ಕೆ ಎಂಟೂ ಬೂದಿ. ಲೇತಿನಲ್ಲಿ ಒಂದು ಪಾಲಾದರೂ ಮರವಾಗಿ ನಿಲ್ಲುತ್ತದೆ. ಉಳಿದ ಏಳು ಪಾಲಿನ ಸಿಪ್ಪೆ ಗೊಬ್ಬರದ ಗುಂಡಿಗೂ ಗಿಡದ ಬುಡದ ಹೊದಿಕೆಗೂ ದನದ ಕೊಟ್ಟಿಗೆಗೂ ಆಗುತ್ತದೆ.

ಇನ್ನೂ ಒಂದು ಮಾತು. ಹಲಗೆಗೆ ಬೇಡವಾದ ದೋಷಗಳೇ ಪಾತ್ರೆಗೆ ಬೇಕಾದ ಗುಣಗಳು. ಗಂಟು ಎಂದರೆ ಮರ ತನ್ನ ಗಾಯವನ್ನೋ ಸೋಂಕನ್ನೋ ಸುತ್ತುವರಿದು ಅಡ್ಡಾದಿಡ್ಡಿ ಬೆಳೆಸಿದ ನಾರು. ಹಲಗೆಯಲ್ಲಿ ಅದು ಬಲಹೀನ ಜಾಗ, ತೊಲೆಯಲ್ಲಿ ಅಪಾಯ. ಭಾರ ಹೊರಬೇಕಿಲ್ಲದ ಪಾತ್ರೆಯಲ್ಲಿ ಅದೇ ನಾರು ಸುಳಿಸುಳಿಯಾದ ಚಿತ್ತಾರ. ಶಿಲೀಂಧ್ರಗಳ ಒಂದು ಬಳಗ ಇನ್ನೊಂದು ಬಳಗವನ್ನು ತಡೆಯಲು ಮರದೊಳಗೆ ಎಳೆದ ಕಪ್ಪು ಗಡಿರೇಖೆಗಳನ್ನು ಲಿಂಡ್‌ಕ್ವಿಸ್ಟರು ಬೆಲೆಬಾಳುವ ಚಿತ್ರಗಳಾಗಿ ಕಂಡರು. ಕೊಳೆತು ಮೆತ್ತಗಾಗುವ ಮುನ್ನ, ಸರಿಯಾದ ಹೊತ್ತಿನಲ್ಲಿ ಅದನ್ನು ಹಿಡಿಯಬೇಕು, ಅಷ್ಟೇ. ಸಾಮಿಲ್ಲಿನ ತಕ್ಕಡಿಯಲ್ಲಿ ಸೋತ ಮರ ಲೇತಿನ ತಕ್ಕಡಿಯಲ್ಲಿ ಗೆಲ್ಲುವುದರಿಂದಲೇ ಈ ಕಸುಬಿಗೆ ಆರ್ಥಿಕವಾಗಿಯೂ ಅರ್ಥವಿದೆ.

ನೀರು ನಿಲ್ಲದ ಗಡಿಗೆ

ಎರಡನೆಯ ಆಕ್ಷೇಪ, ಈ ಪಾತ್ರೆಯಿಂದ ಉಪಯೋಗವೇನು ಎಂಬುದು. ಮೂರು ಬೆರಳಗಲ ಬಾಯಿಯ ಮರದ ಗಡಿಗೆಯಲ್ಲಿ ನೀರು ಹಾಕಿದರೆ ಜಿನುಗುತ್ತದೆ, ಅಕ್ಕಿ ತುಂಬಿದರೆ ಕೈ ಹೋಗುವುದಿಲ್ಲ. ನಿಜ. ಅಗಲ ಬಾಯಿಯ ಬೋಗುಣಿಗಳಿಗೆ ಈ ಆಕ್ಷೇಪ ತಗಲುವುದಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಪ್ರಾಮಾಣಿಕವಾದ ಉತ್ತರ ಬೇರೆ. ಉಪಯೋಗ ಎಂದರೆ ಏನನ್ನಾದರೂ ತುಂಬುವುದು ಮಾತ್ರವೆಂದಾದರೆ ಮೃದಂಗವೂ ನಿರುಪಯೋಗಿ ಪಾತ್ರೆಯೇ. ಟೊಳ್ಳಾದ ಒಡಲು ಮೃದಂಗದಲ್ಲಿ ನಾದವನ್ನು ಹಿಡಿದಿಡುತ್ತದೆ. ಕಡೆದ ಗಡಿಗೆ ಒಂದು ಮರದ ಬಾಳನ್ನು ಹಿಡಿದಿಡುತ್ತದೆ. ಮಳೆ ಚೆನ್ನಾಗಿ ಬಂದ ವರ್ಷದ ಅಗಲ ಉಂಗುರ, ಬರಗಾಲದ ಕಿರಿದಾದ ಉಂಗುರ, ಕೊಂಬೆ ಮುರಿದ ಕಡೆ ಮುಚ್ಚಿಕೊಂಡ ಗಾಯ, ಹೊರಗಿನ ತಿಳಿಬಣ್ಣದ ಹೊಸ ಮರ, ಒಳಗಿನ ಕಂದು ಚೇಗು, ಇವನ್ನೆಲ್ಲ ಸುತ್ತಲಿಂದಲೂ ಒಟ್ಟಿಗೆ ತೋರಿಸುವ ರೂಪ ದುಂಡು ಪಾತ್ರೆಯೊಂದೇ. ಹಲಗೆ ಆ ಬಾಳಿನ ಒಂದು ಪುಟವನ್ನಷ್ಟೇ ತೋರಿಸುತ್ತದೆ. ಮೌಲ್ತ್ರಾಪರ ಪಾತ್ರೆಗಳನ್ನು ಸ್ಮಿತ್‌ಸೋನಿಯನ್ ಸಂಗ್ರಹಾಲಯ ಕಾಪಾಡಿಕೊಂಡು ಬಂದಿರುವುದು ಅವುಗಳಲ್ಲಿ ಏನನ್ನಾದರೂ ತುಂಬಿಡಲು ಅಲ್ಲ.

ಮೂರನೆಯದು ಕೈಕಸುಬಿನ ಅಭಿಮಾನಿಗಳ ಆಕ್ಷೇಪ: ತಿರುಗಿಸುವುದು ಮೋಟಾರು, ಹಾಗಾದರೆ ಇದು ಕೈಕೆಲಸ ಹೇಗಾದೀತು? ಬೇಲೂರು, ಹಳೇಬೀಡುಗಳ ಕಂಬಗಳನ್ನು ನೋಡಿದವರು ಈ ಪ್ರಶ್ನೆಯನ್ನು ಹೆಚ್ಚು ಹೊತ್ತು ಹಿಡಿದಿರಲಾರರು. ಹನ್ನೆರಡನೇ ಶತಮಾನದ ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನ ಕಂಬಗಳನ್ನು ತಿರುಗಿಸಿ ಕಡೆದರೆಂದೇ ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಆ ನುಣುಪು ಉಂಗುರಗಳೇ ಅದಕ್ಕೆ ಸಾಕ್ಷಿ. ಗಣಿಯಿಂದ ತೆಗೆದಾಗ ಮೆತ್ತಗಿರುವ ಆ ಕಲ್ಲನ್ನು ಮೆತ್ತಗಿರುವಾಗಲೇ ಕಡೆದದ್ದು, ಹಸಿ ಮರವನ್ನು ಹಸಿಯಾಗಿರುವಾಗಲೇ ಕಡೆಯುವ ಜಾಣತನಕ್ಕೆ ಹತ್ತಿರದ್ದು. ಆ ಕಂಬ ಯಂತ್ರದ್ದೆಂದು ಯಾರೂ ಅದನ್ನು ಕೀಳಾಗಿ ಕಾಣಲಿಲ್ಲ. ಚನ್ನಪಟ್ಟಣದಲ್ಲಿಯೂ ಇಂದು ಬಹಳಷ್ಟು ಲೇತುಗಳು ವಿದ್ಯುತ್ತಿನಿಂದಲೇ ತಿರುಗುತ್ತವೆ. ಆದರೂ ಆಲೆ ಮರದ ಗೊಂಬೆಯ ಮೇಲೆ ಅರಗಿನ ಕಡ್ಡಿಯನ್ನು ಒತ್ತಿ, ತಿಕ್ಕಾಟದ ಬಿಸಿಗೆ ಕರಗಿದ ಬಣ್ಣವನ್ನು ಕೇದಗೆ ಗರಿಯಿಂದ ಮಿರುಗಿಸುವುದು ಕೈಯೇ. ಯಂತ್ರ ತಿರುಗಿಸುತ್ತದೆ, ಎಲ್ಲಿ ನಿಲ್ಲಬೇಕೆಂದು ಅದಕ್ಕೆ ತಿಳಿಯದು. ಗೋಡೆ ತೆಳುವಾದ ಸದ್ದನ್ನು ಕೇಳಿ ಕೈ ತಡೆಯುವುದು ಮನುಷ್ಯನ ಕಿವಿ.

ಬೀದಿಯ ಮಳೆಮರ

ಕೊನೆಯ ಆಕ್ಷೇಪ ಪರಿಸರದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದೊಡ್ಡ ದಿಮ್ಮಿಗೆ ಬೆಲೆ ಬಂದರೆ ನಿಂತ ಮರಕ್ಕೆ ಕೊಡಲಿ ಬೀಳದೇ? ಈ ಭಯಕ್ಕೆ ಆಧಾರವಿದೆ, ಗಂಧದ ಮರದ ಕತೆ ನಮಗೆ ಗೊತ್ತು. ಆದ್ದರಿಂದ ಈ ಕಸುಬಿಗೆ ಒಂದು ಶರತ್ತು ಇರಲೇಬೇಕು: ತಾನಾಗಿ ಬಿದ್ದ ಮರ, ಇಲ್ಲವೆ ಅಪಾಯವೆಂದು ಅಧಿಕಾರಿಗಳೇ ಕಡಿಸಿದ ಮರ, ಇವೆರಡನ್ನು ಬಿಟ್ಟು ಮೂರನೆಯದನ್ನು ಮುಟ್ಟಬಾರದು. ಮೌಲ್ತ್ರಾಪ್ ಕುಟುಂಬ ಬಿರುಗಾಳಿಗೆ ಬಿದ್ದ, ಕಟ್ಟಡಕ್ಕಾಗಿ ಉರುಳಿಸಿದ ಮರಗಳನ್ನೇ ಹೆಚ್ಚಾಗಿ ಬಳಸಿತು. ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವುದು ಅಪರಾಧ. ಆ ಕಾಯ್ದೆಯನ್ನು ಒಂದಿಷ್ಟೂ ಸಡಿಲಿಸದೆ, ಈಗಾಗಲೇ ಬಿದ್ದ ಮರಕ್ಕೆ ಒಲೆಗಿಂತ ಒಳ್ಳೆಯ ಗತಿ ಕಾಣಿಸಬಹುದು. ಮರ ಬೆಳೆಯುತ್ತ ಹೀರಿಕೊಂಡ ಇಂಗಾಲ ಸುಟ್ಟ ದಿನವೇ ಗಾಳಿಗೆ ಮರಳುತ್ತದೆ. ಗಡಿಗೆಯಾದಷ್ಟು ಪಾಲು ಗಡಿಗೆ ಇರುವಷ್ಟು ಕಾಲ ಅದರಲ್ಲೇ ಉಳಿಯುತ್ತದೆ.

ಬೆಂಗಳೂರಿನ ಮಟ್ಟಿಗೆ ಪ್ರಕೃತಿ ಒಂದು ಉಪಕಾರವನ್ನೂ ಮಾಡಿದೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಗೆ ಈ ನಗರದ ರಸ್ತೆಗಳಲ್ಲಿ ಉರುಳುವ ದೊಡ್ಡ ಮರಗಳಲ್ಲಿ ಮಳೆಮರವೂ ಒಂದು. ದಕ್ಷಿಣ ಮತ್ತು ಮಧ್ಯ ಅಮೆರಿಕದ ಈ ಮರ ನೆರಳಿಗೆಂದು ಬಂದು ನಮ್ಮದೇ ಆಯಿತು. ಹವಾಯಿ ದ್ವೀಪಗಳಲ್ಲಿ ಇದೇ ಮರ ಬೋಗುಣಿ ಮಾಡುವವರ ಮೆಚ್ಚಿನ ಮರ, ಅದಕ್ಕೆ ಕಾರಣ ಅದರ ಅಂಕಿಗಳಲ್ಲೇ ಇದೆ. ಪೂರ್ತಿ ಒಣಗಿದರೂ ಮಳೆಮರ ಅಡ್ಡಗಲದಲ್ಲಿ ಶೇ 2, ಸುತ್ತಳತೆಯಲ್ಲಿ ಶೇ 3.4ರಷ್ಟು ಮಾತ್ರ ಕುಗ್ಗುತ್ತದೆ. ಟ್ಯೂಲಿಪ್ ದಿಮ್ಮಿಯಲ್ಲಿ 7 ಸೆಂ.ಮೀ. ಇದ್ದ ಕೊರತೆ, ಅದೇ ಅಳತೆಯ ಮಳೆಮರದ ದಿಮ್ಮಿಯಲ್ಲಿ 2.6 ಸೆಂ.ಮೀ. ಒಳಗು ತೆಗೆದರಂತೂ ಕೊರತೆ ಲೆಕ್ಕಕ್ಕೇ ಸಿಗದಷ್ಟು ಚಿಕ್ಕದು. ಹಸಿಯಾಗಿ ಕಡೆದು, ಹೆಚ್ಚು ಸೊಟ್ಟಗಾಗದೆ ಒಣಗುವ, ಕಂದು ಚೇಗಿಗೆ ತಿಳಿಹಳದಿ ಅಂಚುಳ್ಳ ಮರ ನಮ್ಮ ಬೀದಿಯಲ್ಲಿ ಬಿದ್ದಿರುತ್ತದೆ. ನಾವು ಅದನ್ನು ಸೌದೆಯ ತೂಕಕ್ಕೆ ಕೊಡುತ್ತೇವೆ. ಥಾಯ್ಲೆಂಡಿನಲ್ಲಿ ಅರಗಿನ ಹುಳುವಿಗೆ ಮುಖ್ಯ ಆಸರೆಯೂ ಇದೇ ಮರ, ಚನ್ನಪಟ್ಟಣದ ಬಣ್ಣದ ಜೀವಾಳ ಅರಗು. ಹೀಗಿದ್ದೂ ಮಳೆಮರದ ದಿಮ್ಮಿಯೂ ಚನ್ನಪಟ್ಟಣದ ಕೈಯೂ ಇನ್ನೂ ಸರಿಯಾಗಿ ಭೇಟಿಯಾಗಿಲ್ಲ.

ಆ ಭೇಟಿಗೆ ಬೇಕಾದದ್ದು ದೊಡ್ಡ ಬಂಡವಾಳವಲ್ಲ. ಮರ ಬಿದ್ದ ದಿನವೇ ಎರಡಡಿಯ ಒಂದೊಂದು ತುಂಡನ್ನು ಬೇರೆಯಿಟ್ಟು ತುದಿಗಳಿಗೆ ಮೇಣ ಬಳಿಯುವ ಶಿಸ್ತು ನಗರಾಡಳಿತಕ್ಕೆ ಬೇಕು. ಮರದ ಕುಗ್ಗುವಿಕೆ, ಒಣಗಿಸುವಿಕೆಗಳ ಶಾಸ್ತ್ರವನ್ನು ಬಲ್ಲ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮಲ್ಲೇಶ್ವರದಲ್ಲೇ ಇದೆ. ಆ ಶಾಸ್ತ್ರ ಕನ್ನಡದಲ್ಲಿ ಕಡಸಲುಗಾರರ ಕೈಗೆ ಬರಬೇಕು. ತಲೆಮಾರುಗಳಿಂದ ಉಳಿ ಹಿಡಿದ ಚನ್ನಪಟ್ಟಣದ ಕುಟುಂಬಗಳಿಗೆ ದೊಡ್ಡ ದಿಮ್ಮಿ ಹೊರಬಲ್ಲ ಕೆಲವು ಲೇತುಗಳು, ಬಾಗಿದ ಉಳಿಗಳು, ಮುಖಕವಚಗಳು ಬೇಕು. ಇಷ್ಟಾದರೆ ಐವತ್ತು ವರ್ಷ ನೆರಳು ಕೊಟ್ಟ ಮರ ಇನ್ನೂ ಐವತ್ತು ವರ್ಷ ಯಾರದೋ ಮನೆಯಲ್ಲಿ ಇರುತ್ತದೆ. ಮುಂದಿನ ಮಳೆಗೆ ನಿಮ್ಮ ಬೀದಿಯಲ್ಲಿ ಮರ ಬಿದ್ದರೆ, ಗರಗಸದವರು ಬರುವ ಮುನ್ನ ಅದರ ಬುಡದ ಒಂದು ತುಂಡನ್ನಾದರೂ ಸೌದೆಯ ಲಾರಿಯಿಂದ ಉಳಿಸುವಂತೆ ನಗರಾಡಳಿತವನ್ನು ಕೇಳಿ. ಅದನ್ನು ಗಟ್ಟಿಯಾಗಿಯೇ ಇಟ್ಟುಕೊಂಡರೆ ಬಿರಿಯುತ್ತದೆ. ಕಡೆದು ಬರಿದು ಮಾಡಿದರೆ ಉಳಿಯುತ್ತದೆ.